ಕರಾಚಿಗೆ ಎಷ್ಟು ಬುತ್ತಿ

ಜನವರಿ ೮, ೧೯೩೩. ಭಾನುವಾರ. ಗಂಗಾವತಿ

ಈ ಪುಸ್ತಕ ನಾನು ಕೇಳಿದ್ದಲ್ಲ. ಮೊಮ್ಮಗಳು ಶೇಖರಮ್ಮನನ್ನು ನೋಡಲು ಬಂದವರು ಎಲೆ ಅಡಿಕೆ, ಸಕ್ಕರೆಯ ಜೊತೆ ಇದನ್ನೂ ಇಟ್ಟು ಹೋದರು. ದಿನಕ್ಕೊಂದು ಪುಟ, ಮೇಲೆ ತಾರೀಖಿನ ಅಚ್ಚು. ಕರಾಚಿಯಲ್ಲಿ ದಿನದಿನದ ಮಾತನ್ನು ಹೀಗೆ ಬರೆದಿಡುತ್ತಾರಂತೆ. ನಮ್ಮಲ್ಲಿ ಬರೆದಿಡುವುದಿಲ್ಲ, ಓಣಿಯವರೇ ನೆನಪಿಟ್ಟುಕೊಳ್ಳುತ್ತಾರೆ. ಆದರೂ ಬಿಳಿ ಕಾಗದ ಹಾಳಾಗಬಾರದು. ಅಯ್ಯನವರ ಮಠದ ಸಾಲಿಯಲ್ಲಿ ಎರಡು ವರ್ಷ ಉಸುಕಿನ ಮೇಲೆ ತಿದ್ದಿದ ಅಕ್ಷರ ಇನ್ನೂ ಕೈಯಲ್ಲಿದೆ. ಅವರು ಕೊಟ್ಟ ಪುಸ್ತಕದಲ್ಲಿಯೇ ಅವರನ್ನು ಬಯ್ದು ಬರೆಯುತ್ತೇನೆ.

ಬಂದವರು ಇಬ್ಬರು. ಯಲಬುರ್ಗಿಯ ಅಂದಪ್ಪ, ಮತ್ತು ಅವನ ಅಕ್ಕನ ಮಗ ಗವಿಸಿದ್ದಪ್ಪ. ಇವನೇ ವರ. ಮನೆತನದ ಬಗ್ಗೆ ಬೆರಳು ತೋರಿಸುವ ಹಾಗಿಲ್ಲ. ಹುಡುಗನ ಅಪ್ಪ ಹತ್ತಿ ವ್ಯಾಪಾರದ ಬೆನ್ನು ಹತ್ತಿ ಕರಾಚಿಗೆ ಹೋದವನು ಅಲ್ಲಿಯೇ ತೀರಿಕೊಂಡ. ತಾಯಿ, ಮಗ ಅಲ್ಲಿಯೇ ಉಳಿದರು. ಹುಡುಗ ಈಗ ಅಲ್ಲಿನ ವಿಮಾನದ ಬಯಲಿನಲ್ಲಿ ಟಪಾಲಿನ ಚೀಲ ತೂಗಿ ಏರಿಸುವ ಗುಮಾಸ್ತ. ಮೂಗು ಉದ್ದ, ಮಾತು ಗಿಡ್ಡ.

ಮಾತೆಲ್ಲ ಅಂದಪ್ಪನದೇ.

"ಕರಾಚಿ ದೂರ ಅನಬ್ಯಾಡ್ರಿ ಬಸವಣ್ಣೆಮ್ಮಾರ. ದಸರಾ ಆದಮ್ಯಾಲೆ ಇಮಾನ ಸುರುವಾಗೈತಿ. ಕರಾಚಿಯಿಂದ ಬಳ್ಳಾರಿಗೆ ಸಾವಿರದ ಮೂವತ್ತು ಮೈಲು. ಹಾರೂದು ಬರೇ ಹನ್ನೊಂದು ತಾಸು!"

"ಛಲೋ ಆತಲ್ಲ. ಹಂಗಾರ ಹುಡುಗಿ ಮುಂಜಾನಿ ಹತ್ತಿದ್ರ ಸಂಜಿಗೆ ತವರಮನ್ಯಾಗ ಇರ್ತಾಳ."

"ಮಂದಿ ಹತ್ತೂಹಂಗಿಲ್ರಿ. ಬರೇ ಕಾಗದ ಒಯ್ತೈತಿ."

"ಮತ್ತ ನಿಮ್ಮ ಹುಡುಗಗ ಒಂದು ಛಲೋ ಕಾಗದ ನೋಡಿ ಲಗ್ನಾ ಮಾಡ್ರಿ. ನನ್ನ ಮೊಮ್ಮಗಳ ಹಣಿಗೆ ಟಿಕೀಟು ಹಚ್ಚಾಕ ಬರೂದಿಲ್ಲ."

ಹುಡುಗ ನಕ್ಕ. ಒಳಗೆ ಬಾಗಿಲ ಸಂದಿಯಲ್ಲಿ ಶೇಖರಮ್ಮನೂ ನಕ್ಕಳು. ಒಬ್ಬರ ನಗು ಇನ್ನೊಬ್ಬರಿಗೆ ಕೇಳಿಸಿತು. ಅದು ನನಗೆ ಸರಿ ಬರಲಿಲ್ಲ.

ಹೆಣ್ಣು ಕೊಡುವ ದೂರಕ್ಕೆ ನಮ್ಮ ಮನೆಯಲ್ಲಿ ಮೈಲಿನ ಲೆಕ್ಕವಿಲ್ಲ, ಬುತ್ತಿಯ ಲೆಕ್ಕ. ನಸುಕಿನಲ್ಲಿ ಕಟ್ಟಿದ ಬುತ್ತಿಯನ್ನು ದಾರಿಯಲ್ಲಿ ಬಿಚ್ಚಿ ಉಂಡು, ಹೊತ್ತು ಮುಳುಗುವುದರೊಳಗೆ ಮುಟ್ಟಿದರೆ ಒಂದು ಬುತ್ತಿಯ ಊರು. ಮರುದಿನ ಇನ್ನೊಂದು ಕಟ್ಟಬೇಕಾದರೆ ಎರಡು ಬುತ್ತಿ. ಎರಡರ ಆಚೆಗೆ ಕೊಡುವುದಿಲ್ಲ. ಕರಾಚಿಗೆ ರೈಲಿನಲ್ಲಿ ಐದು ದಿನ. ಐದನೆಯ ಬುತ್ತಿಗೆ ಬೂಷ್ಟು ಬಂದಿರುತ್ತದೆ.

ಹುಡುಗಿಯ ಅಪ್ಪ, ನನ್ನ ಮಗ ಹಂಪಣ್ಣ, ಕೈ ತೊಳೆದುಕೊಂಡು ಬಿಟ್ಟ. "ತಾಯಿಲ್ಲದ ಕೂಸು, ಸಾಕಿದಾಕಿ ನೀನು. ನೀ ಹೂಂ ಅಂದ್ರ ಹೂಂ, ಉಹೂಂ ಅಂದ್ರ ಉಹೂಂ" ಎಂದ. ಅಂಗಡಿಯಲ್ಲಿ ಬೆಲ್ಲ ತೂಗಲು ಇರುವ ಧೈರ್ಯ ಮನೆಯಲ್ಲಿ ಇರುವುದಿಲ್ಲ ಅವನಿಗೆ.

ನಾನೇ ಮಾತು ಕಟ್ಟಿದೆ: "ಒಂದು ವರ್ಷ ಕಾಗದ ಬರೀತೀನಿ. ಮನಿಯಿಂದ ಮನಿಗೆ ಸುದ್ದಿ ಎರಡು ಬುತ್ತಿಯೊಳಗ ಮುಟ್ಟಿದ್ರ ಹುಡುಗಿನ್ನ ಕೊಡ್ತೀನಿ. ಇಲ್ಲಾಂದ್ರ ನಿಮ್ಮ ಹನ್ನೊಂದು ತಾಸು ನಿಮ್ಮ ಹತ್ರ ಇರಲಿ."

ಹುಡುಗಿಗೆ ಹದಿನೆಂಟು ತುಂಬಿದೆ. ಓಣಿಯವರಿಗೆ ಈಗಾಗಲೇ ಊಟ ಸೇರುತ್ತಿಲ್ಲ. ಇನ್ನೊಂದು ವರ್ಷ ಉಪವಾಸ ಇರಲಿ.

ಜನವರಿ ೧೪. ಶನಿವಾರ

ಸಂಕ್ರಾಂತಿ. ಮಧ್ಯಾಹ್ನ ಸಜ್ಜೆಯ ರೊಟ್ಟಿ ತಟ್ಟುತ್ತಿದ್ದೆ. ಮೇಲೆ ದುಂಬಿ ಗುಂಯ್‌ಗುಟ್ಟಿದ ಹಾಗೆ ಸದ್ದು. ಓಣಿಯ ಜನವೆಲ್ಲ ಹೊರಗೆ. ಕುಷ್ಟಗಿಯ ದಿಕ್ಕಿನಿಂದ ಬಂತು, ಆನೆಗೊಂದಿಯ ಗುಡ್ಡ ಎಡಕ್ಕೋ ಬಲಕ್ಕೋ ಎಂದು ನೋಡುವುದರೊಳಗೆ ಹೋಯಿತು. ಭತ್ತದ ಗದ್ದೆಯ ಬೆಳ್ಳಕ್ಕಿಗಿಂತ ದೊಡ್ಡದೇನಲ್ಲ. ನಾನು ಒಳಗೆ ಬಂದಾಗ ಹಂಚಿನ ಮೇಲಿನ ರೊಟ್ಟಿ ಒಂದು ಮಗ್ಗುಲು ಮಾತ್ರ ಬೆಂದಿತ್ತು.

ಇಲ್ಲಿಂದ ಬಳ್ಳಾರಿಗೆ ಅದಕ್ಕೆ ಇಪ್ಪತ್ತು ಮಿನಿಟು ಸಾಕಂತೆ. ನನ್ನ ತಂಗಿಯ ಮಗನ ಲಗ್ನಕ್ಕೆ ನಾವು ಬಳ್ಳಾರಿಗೆ ಹೋದಾಗ ಎರಡು ದಿನ ಹಿಡಿದಿತ್ತು, ಅದರಲ್ಲಿ ಅರ್ಧ ದಿನ ಹಂಪಣ್ಣನ ಚಪ್ಪಲಿ ಹುಡುಕಲು.

ಶನಿವಾರ ಕರಾಚಿಯ ಕಾಗದ ಹೊತ್ತು ಬಳ್ಳಾರಿಗೆ ಹೋಗುತ್ತದೆ, ಸೋಮವಾರ ನಮ್ಮ ಕಡೆಯ ಕಾಗದ ಹೊತ್ತು ಮರಳುತ್ತದೆ. ನಡುವೆ ಮುಂಬಯಿಯಲ್ಲಿ ಒಂದು ರಾತ್ರಿ ತಂಗುತ್ತದೆ. ರೆಕ್ಕೆ ಇದ್ದರೇನು, ದಣಿವು ಯಾರಿಗೂ ತಪ್ಪಿದ್ದಲ್ಲ.

ಜನವರಿ ೧೯. ಗುರುವಾರ

ಮೊದಲ ಕಾಗದ ಸಿದ್ಧ. ಹುಡುಗನ ತಾಯಿ ಮುದಕಮ್ಮನ ಹೆಸರಿಗೆ.

ವಿಮಾನದ ಕಾಗದ ಅರ್ಧ ತೊಲ ಮೀರಬಾರದಂತೆ. ಪಕ್ಕದ ಮನೆಯ ಪತ್ತಾರನ ಬಂಗಾರದ ತಕ್ಕಡಿಯಲ್ಲಿ ತೂಗಿಸಿದೆ. ಮಾತಿಗೆ ಇಷ್ಟು ಬಿಗಿ ತೂಕ ನಾನು ಕಂಡಿರಲಿಲ್ಲ.

ಬರೆದ ತಾರೀಖನ್ನು ನಂಬುವವಳು ನಾನಲ್ಲ. ತಾರೀಖು ಬರೆಯುವವರು ಮನುಷ್ಯರು. ಅದಕ್ಕೆ ನಿನ್ನೆ ನೆನೆಹಾಕಿದ ಮಡಿಕೆ ಕಾಳು ಆರು, ಒದ್ದೆ ಬಟ್ಟೆಯ ಚೂರಿನಲ್ಲಿ ಕಟ್ಟಿ ಕಾಗದದೊಳಗೆ ಇಟ್ಟಿದ್ದೇನೆ. ಮುಟ್ಟಿದ ದಿನ ಮೊಳಕೆ ಎಷ್ಟು ಉದ್ದ ಬಂದಿದೆ ಎಂದು ಅವಳು ಅಳೆದು ತಿಳಿಸಬೇಕು. ಕಾಳು ಸುಳ್ಳು ಹೇಳುವುದಿಲ್ಲ.

ಶೇಖರಮ್ಮ ಹತ್ತಿರ ಬಂದು ಕೂತಳು. "ಆಯಿ, ಕೆಳಗ ಎರಡು ಬಟ್ಟು ಜಾಗ ಬಿಡು."

"ಯಾಕ?"

"ಸುಮ್ಮನ. ಅತ್ತಿಗೆ ಶರಣು ಅಂತ ಬರಿಯಾಕ."

"ಇನ್ನೂ ಅತ್ತಿ ಆಗಿಲ್ಲ ಆಕಿ. ಕಾಳಿಗೇ ತೂಕ ಸಾಲವಲ್ದು, ನಿನ್ನ ಶರಣು ಎಲ್ಲಿ ಇಡ್ಲಿ?"

ನಮ್ಮದು ನಿಜಾಮರ ಸೀಮೆ, ಹೊಳೆಯಾಚೆ ಇಂಗ್ರೇಜಿಯವರದು. ವಿಮಾನದ ಟಪಾಲು ಹಾಕಬೇಕಾದರೆ ಹೊಳೆ ದಾಟಿ ಹೊಸಪೇಟೆಗೆ ಹೋಗಬೇಕು. ಚಕ್ಕಡಿಯ ಮೌಲಾಹುಸೇನ ವಾರಕ್ಕೊಮ್ಮೆ ಶುಕ್ರವಾರ ಹೋಗುತ್ತಾನೆ. ಆನೆಗೊಂದಿಯ ದಂಡೆಯಲ್ಲಿ ಚಕ್ಕಡಿ ಬಿಟ್ಟು ಹರಿಗೋಲಿನಲ್ಲಿ ದಾಟುತ್ತಾನೆ. ನಮಗೆ ಬರುವ ಕಾಗದವನ್ನೂ ಅಲ್ಲಿನ ನಮ್ಮ ಪರಿಚಯದ ಬಟ್ಟೆ ಅಂಗಡಿಯಿಂದ ಅವನೇ ತರಬೇಕು.

ಕಾಗದವನ್ನು ಮುಟ್ಟಿ ನೋಡಿ, "ಅವ್ವಾರ, ಇದು ಹಸಿ ಐತಲ್ರಿ" ಎಂದ.

"ಅತ್ತು ಬರದೀನಿ. ಒಯ್ಯಿ."

ಫೆಬ್ರವರಿ ೫. ಭಾನುವಾರ

ಉತ್ತರ ಬಂತು. ಮುದಕಮ್ಮ ತನ್ನ ಕೈಯಿಂದಲೇ ಬರೆದಿದ್ದಾಳೆ. ಅಕ್ಷರ ಒಂಟೆ ನಡೆದ ಹಾಗಿದೆ. ಅಲ್ಲಿ ಬಂಡಿಗೆ ಒಂಟೆಯನ್ನೇ ಕಟ್ಟುತ್ತಾರಂತೆ, ಅದನ್ನೇ ನೋಡಿ ನೋಡಿ ಹಾಗಾಗಿರಬೇಕು. ಹೀಗೆ ಬರೆದಿದ್ದಾಳೆ:

"ನಿಮ್ಮ ಕಾಳು ಮುಟ್ಟಿದವು. ಆರರಲ್ಲಿ ಮೂರು ಟಪಾಲಿನ ಮುದ್ರೆಗೆ ಸಿಕ್ಕು ಹಿಟ್ಟಾಗಿವೆ. ಎರಡು ವಾಸನೆ ಬರುತ್ತಿವೆ. ಒಂದು ಮೊಳಕೆ ಬಂದು ಒಣಗಿದೆ, ಅರ್ಧ ಬೆರಳು ಉದ್ದ. ಮೊಳಕೆಯ ಲೆಕ್ಕದಲ್ಲಿ ನಿಮ್ಮ ಕಾಗದ ಎರಡು ದಿನಕ್ಕೆ ಬಂದಿದೆ, ತಾರೀಖಿನ ಲೆಕ್ಕದಲ್ಲಿ ಆರು ದಿನಕ್ಕೆ. ಯಾವುದು ನಂಬಲಿ? ಕಾಳಿನ ಮಾತು ಕೇಳುವುದಾದರೆ ಲಗ್ನದ ತಯಾರಿ ಮಾಡುತ್ತೇನೆ. ಮುಂದಿನ ಸಲ ಪಲ್ಯ ಮಾಡಿಯೇ ಕಳಿಸಿ, ನನಗೂ ಕೆಲಸ ಉಳಿಯುತ್ತದೆ."

ನಾಲಿಗೆ ಇದೆ ಅವಳಿಗೆ.

ಕಾಗದ ಹೋಗಿ ಉತ್ತರ ಬರಲು ಹದಿನೇಳು ದಿನ. ಹಾರಿದ್ದು ಹೋಗಿ ಬಂದು ಇಪ್ಪತ್ತೆರಡು ತಾಸು. ಉಳಿದ ಹದಿನಾರು ದಿನ ಎಲ್ಲಿ ಕೂತಿತ್ತು? ಮೌಲಾಹುಸೇನನ ಚಕ್ಕಡಿಯಲ್ಲಿ, ಹೊಳೆಯ ದಂಡೆಯಲ್ಲಿ, ಬಟ್ಟೆ ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ. ಸಾವಿರ ಮೈಲು ಹನ್ನೊಂದು ತಾಸಿಗೆ ಹಾರಿ, ಕೊನೆಯ ಹದಿನೈದು ಮೈಲಿಗೆ ವಾರ. ಓಡಿ ಬಂದವನು ಹೊಸ್ತಿಲ ಮೇಲೆ ಮಲಗಿದ ಹಾಗಾಯಿತು.

ಅಂದಪ್ಪನಿಗೆ ಹೇಳಿ ಕಳಿಸಿದೆ: ಸೋತಿರಿ.

ಫೆಬ್ರವರಿ ೧೨. ಭಾನುವಾರ

ಒಂದು ಕಾಗದದಿಂದ ಪರೀಕ್ಷೆ ಮುಗಿಸಿದರೆ ನ್ಯಾಯವಲ್ಲ. ವರ್ಷ ಎಂದು ಮಾತು ಕೊಟ್ಟಾಗಿದೆ. ಮುದಕಮ್ಮನಿಗೆ ಇನ್ನೊಂದು ಬರೆದೆ. ಪಲ್ಯದ ಮಾತಿಗೆ ಉತ್ತರ ಕೊಡದೆ ಬಿಟ್ಟರೆ ಸೋತೆ ಎಂದುಕೊಂಡಾಳು.

ಮಾರ್ಚ್ ೧೯. ಭಾನುವಾರ

ಮೌಲಾಹುಸೇನನಿಗೂ ನನಗೂ ಜಗಳ. ಶುಕ್ರವಾರ ಬಿಟ್ಟು ಶನಿವಾರ ಹೊಸಪೇಟೆಗೆ ಹೋಗು ಎಂದೆ. ಹಾಗೆ ಹೋದರೂ ನಮ್ಮ ಕಾಗದ ಸೋಮವಾರದ ವಿಮಾನಕ್ಕೆ ಸಿಗುತ್ತದೆ, ಒಂದು ದಿನ ನಿಂತರೆ ಶನಿವಾರ ಬಂದಿಳಿದ ಕರಾಚಿಯ ಕಾಗದವೂ ಕೈಗೆ ಬರುತ್ತದೆ.

"ಶುಕ್ರವಾರ ನಮಾಜು ಮುಗಿಸಿಕೊಂಡು ಹೊಂಡೂದು ನಮ್ಮಪ್ಪನ ಕಾಲದಿಂದ ರೂಢಿ ಐತ್ರಿ ಅವ್ವಾರ."

"ನಮಾಜು ಶುಕ್ರವಾರನ ಮಾಡು. ಹೊಂಡೂದು ಶನಿವಾರ. ದೇವರಿಗೆ ಏನೂ ಕಡಿಮಿ ಆಗೂದಿಲ್ಲ."

"ಸೋಲಲಿ ಅಂತ ಕಾಗದ ಬರಿಯಾಕತ್ತೀರಿ, ಮತ್ತ ಬೇಗ ಮುಟ್ಟಲಿ ಅಂತ ನನ್ನ ಎತ್ತಿನ ಜೀವಾ ತಿಂತೀರಿ. ನಿಮ್ಮ ಲೆಕ್ಕ ತಿಳಿಯವಲ್ದು."

ಪರೀಕ್ಷೆ ಅಂದ ಮೇಲೆ ಎದುರಿನವರಿಗೆ ಪೂರ್ತಿ ಅವಕಾಶ ಕೊಡಬೇಕು ಎಂಬುದು ಚಕ್ಕಡಿ ಹೊಡೆಯುವವನಿಗೆ ಏನು ಗೊತ್ತು.

ಕರಾಚಿಯಲ್ಲಿ ಜೋಳ ಸಿಗುವುದಿಲ್ಲವಂತೆ. ಗೋಧಿ ತಿಂದು ತಿಂದು ಮುದಕಮ್ಮನ ಹೊಟ್ಟೆ ಊರು ಮರೆತಿದೆ. ಅಗಸಿ ಚಟ್ನಿಪುಡಿಯನ್ನು ಒಂದು ಚಿಟಿಕೆ ಕಾಗದದ ಮಡಿಕೆಯಲ್ಲಿ ಹಾಕಿದೆ, ಅರ್ಧ ತೊಲಕ್ಕೆ ಸರಿಯಾಗಿ. ಶೇಖರಮ್ಮ ಈ ಸಲವೂ ಜಾಗ ಕೇಳಿದಳು. ಚಟ್ನಿ ಹಾಕಿಯಾಗಿತ್ತು.

ಏಪ್ರಿಲ್ ೪. ಮಂಗಳವಾರ

ಮೌಲಾಹುಸೇನ ಶನಿವಾರ ಹೊರಟದ್ದಕ್ಕೆ ಹತ್ತೇ ದಿನ! ಹೋಗಿ ಬಂದದ್ದು ಸೇರಿ.

ಮುದಕಮ್ಮ ಚಟ್ನಿಯನ್ನು ನೆಕ್ಕಲಿಲ್ಲವಂತೆ, ಎರಡು ದಿನ ಮೂಸಿ ನೋಡಿ, ಮೂರನೆಯ ದಿನ ತಿಂದಳಂತೆ. ಉಪ್ಪು ಹೆಚ್ಚು ಎಂದು ಬರೆದಿದ್ದಾಳೆ. ಚಿಟಿಕೆಯಲ್ಲಿ ಉಪ್ಪು ಹೆಚ್ಚು ಕಂಡಿತಂತೆ! ಇವಳ ಸೊಸೆಯಾಗುವವಳು ಬಡವಿ.

ಮೇ ೬. ಶನಿವಾರ

ಬಿಸಿಲಿಗೆ ಮಾಳಿಗೆ ಹೊಗೆಯಾಡುತ್ತಿದೆ. ವಿಮಾನ ಹೋಯಿತು. ಈಗ ಓಣಿಯವರು ತಲೆ ಎತ್ತುವುದಿಲ್ಲ. ನಾನೊಬ್ಬಳೇ.

ಮುದಕಮ್ಮ ಕೇಳಿದ್ದಾಳೆ: ಎರಡು ಬುತ್ತಿ ಎಂಬುದು ಯಾರು ಮಾಡಿದ ಕಟ್ಟಳೆ, ಬಸವಣ್ಣನೇ ಹೇಳಿದನೇನು ಎಂದು.

ಉತ್ತರ ಬರೆದೆ. ಹಿರಿಯರ ಕಟ್ಟಳೆ ಮೂರು ಬುತ್ತಿ ಇತ್ತು. ಎರಡಕ್ಕೆ ಇಳಿಸಿದವಳು ನಾನು. ನನ್ನ ಮಗಳು ಕಳಕಮ್ಮನನ್ನು ಮೂರು ಬುತ್ತಿಯ ಊರಿಗೆ ಕೊಟ್ಟಿದ್ದೆವು. ಚೊಚ್ಚಲ ಹೆರಿಗೆ. ಹೆರಿಗೆ ಕಷ್ಟವಾಗಿದೆ ಎಂದು ಹೇಳಲು ಹೊರಟವನು ಮೂರನೆಯ ದಿನ ನಮ್ಮ ಕಟ್ಟೆಗೆ ಬಂದು ಕೂತ. ನಾನು ಬುತ್ತಿ ಕಟ್ಟಿಕೊಂಡು ಹೊರಟೆ. ಅಷ್ಟರಲ್ಲಿ ಎಲ್ಲ ಮುಗಿದಿತ್ತು. ಬುತ್ತಿ ಹಾಗೆಯೇ ತಿರುಗಿ ಬಂತು.

ಇಷ್ಟು ಬರೆದೆ. ಇಪ್ಪತ್ತಾರು ವರ್ಷವಾಯಿತು, ಹಂಪಣ್ಣನ ಮುಂದೆಯೂ ಆಡಿದ ಮಾತಲ್ಲ. ತೂಗಿದರೆ ಅರ್ಧ ತೊಲಕ್ಕಿಂತ ಕಡಿಮೆಯೇ ಇತ್ತು.

ಮೇ ೧೬. ಮಂಗಳವಾರ

ಮುದಕಮ್ಮ ಈ ಸಲ ಚೇಷ್ಟೆ ಮಾಡಿಲ್ಲ. ಒಂದೇ ಸಾಲು. "ನನಗೂ ಗಂಡ ಹೋದ ಸುದ್ದಿಯನ್ನು ಯಲಬುರ್ಗಿಗೆ ಮುಟ್ಟಿಸಲು ಒಂಬತ್ತು ದಿನ ಹಿಡಿಯಿತು, ಒಂಬತ್ತು ದಿನ ಅತ್ತೆ ಮಗ ಬದುಕಿದ್ದಾನೆ ಎಂದೇ ಊರಲ್ಲಿ ತಿರುಗಾಡಿದರು."

ಕಾಗದದ ಉಳಿದ ಭಾಗ ಖಾಲಿ. ಖಾಲಿ ಕಾಗದ ಹಾರಿಸಿಕೊಂಡು ಬಂದಿದ್ದಾರೆ ಸಾವಿರ ಮೈಲು.

ಜುಲೈ ೨೫. ಮಂಗಳವಾರ

ಮುದಕಮ್ಮನಿಗೆ ಜ್ವರ. ನಾಲ್ಕು ದಿನದಿಂದ ಏಳಲು ಆಗುತ್ತಿಲ್ಲ ಎಂದು ಗವಿಸಿದ್ದಪ್ಪನ ಕೈಯಿಂದ ಬರೆಸಿದ್ದಾಳೆ. ಶೇಖರಮ್ಮ ಆ ಕಾಗದವನ್ನು ಬಹಳ ಹೊತ್ತು ಹಿಡಿದುಕೊಂಡಿದ್ದಳು. ಜ್ವರದ ಮಾತು ಎರಡೇ ಸಾಲು ಇತ್ತು. ಅದನ್ನು ಅಷ್ಟು ಹೊತ್ತು ಓದುವುದೇನಿತ್ತೋ.

ಅಮೃತಬಳ್ಳಿಯ ಕಷಾಯದ ಅಳತೆ ಬರೆದು ಕೊಟ್ಟಿದ್ದೇನೆ.

ಆಗಸ್ಟ್ ೫. ಶನಿವಾರ

ಹೊಳೆ ತುಂಬಿದೆ. ಹರಿಗೋಲು ನಿಂತಿದೆ. ಕಷಾಯದ ಕಾಗದ ಮೌಲಾಹುಸೇನನ ಪೆಟ್ಟಿಗೆಯಲ್ಲಿಯೇ ಇದೆ.

ಮಧ್ಯಾಹ್ನ ವಿಮಾನ ಹೋಯಿತು. ಅದರ ಹೊಟ್ಟೆಯಲ್ಲಿ ನನ್ನ ಹೆಸರಿನ ಕಾಗದ ಇರಲೇಬೇಕು. ನನ್ನ ಮಾಳಿಗೆಯ ಮೇಲೆಯೇ ಹೋಯಿತು. ನಾನು ಅಂಗಳದಲ್ಲಿ ನಿಂತು ಕೂಗಿದೆ.

"ಏ! ಇಲ್ಲೇ ಒಗದು ಹೋಗೋ! ಬಳ್ಳಾರಿಗೆ ಒಯ್ದು ಏನ ಮಾಡ್ತಿ?"

ಮೌಲಾಹುಸೇನನ ಹೆಂಡತಿ ರಾಜಾಬೀ ಹಿಟ್ಟು ಬೀಸಲು ಬಂದಿದ್ದಳು. "ಯವ್ವಾ, ಇಮಾನದಾವಗ ಕನ್ನಡ ಬರ್ತೈತೇನ?" ಎಂದಳು.

ಬೀಸುವ ಕಲ್ಲಿಗೆ ಇನ್ನೊಂದು ಹಿಡಿ ಜೋಳ ಸುರಿದೆ.

ಆಗಸ್ಟ್ ೧೨. ಶನಿವಾರ

ಹೊಳೆ ಇಳಿದಿಲ್ಲ. ವಿಮಾನ ಹೋಯಿತು.

ಆಗಸ್ಟ್ ೧೯. ಶನಿವಾರ

ಹೋಯಿತು.

ಆಗಸ್ಟ್ ೨೦. ಭಾನುವಾರ

ಚಕ್ಕಡಿ ಕಟ್ಟಿಸಿಕೊಂಡು ಆನೆಗೊಂದಿಗೆ ಹೋದೆ. ಹೊಳೆ ಬಂಡೆಗಳನ್ನೆಲ್ಲ ನುಂಗಿ ಕೆಂಪಗೆ ಹರಿಯುತ್ತಿತ್ತು. ಹರಿಗೋಲಿನ ಮಾರೆಪ್ಪ ಹರಿಗೋಲನ್ನು ಬೋರಲು ಹಾಕಿ ಅದರ ಕೆಳಗೇ ಕೂತು ಬೀಡಿ ಸೇದುತ್ತಿದ್ದ.

"ಏನಬೇ, ಹೊಳಿ ನೋಡಾಕ ಬಂದೀಯೇನ?"

"ನಿನ್ನ ಮಾರಿ ನೋಡಾಕ ಬಂದೀನಿ. ಯಾವಾಗ ಬಿಡ್ತಿ ಹರಿಗೋಲು?"

"ಹೊಳಿ ಹೂಂ ಅಂದಾಗ."

"ಹೊಳಿಗೆ ಯಾರು ಕೇಳ್ಯಾರ? ನೀ ಹೆದರ್ತಿ."

"ಹೆದರ್ತೀನಬೇ. ಹೋದ ವಾರ ಬಾಣಂತಿ ಒಬ್ಬಾಕಿನ್ನ ದಾಟಿಸೀನಿ, ಅದು ಜೀವದ ಮಾತು. ನಿಂದು ಕಾಗದ."

"ಆ ಕಾಗದದೊಳಗೂ ಒಂದು ಜೀವ ಐತೋ."

ಯಾಕೆ ಹಾಗೆ ಅಂದೆನೋ. ತಪ್ಪನ್ನು ಬಿಸಿಲಿನ ಮೇಲೆ ಹಾಕೋಣವೆಂದರೆ ಮೋಡ ಕವಿದಿತ್ತು. ಮಾರೆಪ್ಪ ಬೀಡಿ ಆರಿಸಿ, ಹೊಳೆಯ ಕಡೆ ನೋಡಿ, "ನಾಡದು ನೋಡೂಣು" ಎಂದ. ಸಂಜೆಯ ತನಕ ಬಂಡೆಯ ಮೇಲೆ ಕೂತು ಬಂದೆ. ಆಚೆ ದಂಡೆ ಕಾಣುತ್ತದೆ. ಅಲ್ಲಿ ಎಮ್ಮೆ ಮೇಯಿಸುವವನು ಎಮ್ಮೆಗೆ ಬಯ್ಯುವುದೂ ಕೇಳಿಸುತ್ತದೆ. ಕಾಗದ ಮಾತ್ರ ಬರುವುದಿಲ್ಲ.

ಆಗಸ್ಟ್ ೨೪. ಗುರುವಾರ

ಮಾರೆಪ್ಪ ಹರಿಗೋಲು ಬಿಟ್ಟ. ನಾಲ್ಕು ಕಾಗದ ಒಟ್ಟಿಗೆ ಬಂದವು. ಕೊನೆಯದನ್ನು ಮೊದಲು ಒಡೆದೆ. ಒಂಟೆ ನಡೆದ ಅಕ್ಷರ. ಅವಳದೇ ಕೈ.

"ಜ್ವರ ಬಿಟ್ಟಿದೆ. ನೀವು ಸುಮ್ಮನಿದ್ದೀರಿ. ನಾನು ಸತ್ತೆ ಎಂದು ಬೇರೆ ಕಡೆ ಬರೆಯಲು ಹತ್ತಿದಿರೇನು?"

ಅಯ್ಯನವರ ಮಠಕ್ಕೆ ಹೋಗಿ ಎಣ್ಣೆ ಕೊಟ್ಟು ಬಂದೆ. ನನಗೇನಿದೆ, ವರ್ಷದ ನಡುವೆ ಪರೀಕ್ಷೆ ನಿಂತುಹೋಗಬಾರದಲ್ಲ, ಅಷ್ಟೇ.

ಅಕ್ಟೋಬರ್ ೮. ಭಾನುವಾರ

ಕಾರಟಗಿಯಿಂದ ಹುಚ್ಚೀರಪ್ಪ ಎಂಬವನು ಮಗನಿಗೆ ಶೇಖರಮ್ಮನನ್ನು ಕೇಳಲು ಹೆಂಡತಿಯ ಜೊತೆ ಬಂದಿದ್ದ. ಕಾರಟಗಿ ಒಂದು ಬುತ್ತಿಯೂ ಅಲ್ಲ, ಅರ್ಧ ಬುತ್ತಿ. ಇಲ್ಲಿ ತಟ್ಟಿದ ರೊಟ್ಟಿ ಅಲ್ಲಿ ಮೆತ್ತಗಿರುವಾಗಲೇ ಮುಟ್ಟುತ್ತದೆ. ಹೊಲ, ಮನೆ, ನಾಲ್ಕು ಎಮ್ಮೆ. ಹಂಪಣ್ಣನ ಮುಖ ಅರಳಿತು.

ಹುಚ್ಚೀರಪ್ಪನ ಹೆಂಡತಿ ಎರಡು ತಾಸು ಮಾತಾಡಿದಳು. ಎರಡು ತಾಸಿನಲ್ಲಿ ವಿಮಾನ ಇನ್ನೂರು ಮೈಲು ಹೋಗುತ್ತದೆ, ಇವಳು ತನ್ನ ಎಮ್ಮೆಯ ಕೊಟ್ಟಿಗೆ ಬಿಟ್ಟು ಹೊರಗೆ ಬರಲಿಲ್ಲ. ಹುಡುಗಿಯನ್ನು ಒಂದು ಮಾತೂ ಕೇಳಲಿಲ್ಲ. ಶೇಖರಮ್ಮ ತಲೆ ಬಗ್ಗಿಸಿ ಸೆರಗಿನ ದಾರ ಎಳೆಯುತ್ತ ಕೂತಿದ್ದಳು. ಅರ್ಧ ಸೆರಗು ಬಿಚ್ಚಿಹೋಗಿತ್ತು.

ಅವರು ಹೋದ ಮೇಲೆ ಹಂಪಣ್ಣ, "ಏನಂತೀಬೇ? ನಿನ್ನ ಲೆಕ್ಕಕ್ಕ ಸರಿ ಐತಲ್ಲ" ಎಂದ.

"ಭಾಳ ಹತ್ರ ಐತಿ. ಮುಂಜಾನಿ ಜಗಳಾಡಿದ್ರ ಮಧ್ಯಾಹ್ನ ಇಲ್ಲಿಗೆ ಬಂದಿರ್ತಾರ."

"ದೂರ ಆದ್ರ ದೂರ ಅಂತಿ, ಹತ್ರ ಆದ್ರ ಹತ್ರ ಅಂತಿ!"

ಬೇಡ ಎಂದು ಹೇಳಿ ಕಳಿಸಿದೆ. ಹುಚ್ಚೀರಪ್ಪನ ಹೆಂಡತಿಯ ಮಾತಿನ ರೀತಿಯನ್ನು ಮುದಕಮ್ಮನಿಗೆ ಬರೆದೆ. ನಗುತ್ತಾಳೆ.

ಡಿಸೆಂಬರ್ ೩. ಭಾನುವಾರ

ಅಂದಪ್ಪ ಯಲಬುರ್ಗಿಯಿಂದ ಬಂದ. ಮುಖ ಬಾಡಿತ್ತು. ನೀರು ಕುಡಿದು ಚರಿಗೆಯನ್ನು ಕೈಯಲ್ಲಿಯೇ ಹಿಡಿದು ಕೂತ.

"ಹೇಳಾಕ ನಾಲಿಗಿ ಬರವಲ್ದ್ರಿ. ಇಮಾನ ಇನ್ನ ಬಳ್ಳಾರಿಗೆ ಬರೂದಿಲ್ಲಂತ. ಹೈದರಾಬಾದಿನ ಮ್ಯಾಲೆ ಹೋಗತೈತಂತ. ಗವಿಸಿದ್ದ ಬರದಾನ."

ಹಂಪಣ್ಣ ನನ್ನ ಮುಖ ನೋಡಿದ. ಒಳಗೆ ರೊಟ್ಟಿ ತಟ್ಟುವ ಸದ್ದು ನಿಂತಿತು.

ವರ್ಷದ ಕೊನೆ ಬಂದಿದೆ. ಈ ಪುಸ್ತಕವನ್ನು ತಿರುವಿ ನೋಡಿದೆ. ಒಂದೇ ಒಂದು ಕಾಗದವೂ ಮನೆಯಿಂದ ಮನೆಗೆ ಎರಡು ಬುತ್ತಿಯೊಳಗೆ ಮುಟ್ಟಿಲ್ಲ. ಬಹಳ ಬೇಗ ಎಂದರೆ ನಾಲ್ಕು. ಈಗ ಅದೂ ಇಲ್ಲ. ಕಾಗದ ಹೈದರಾಬಾದಿಗೆ ಹೋಗಿ ವಿಮಾನ ಹತ್ತುವುದರೊಳಗೆ ರೈಲಿನ ಕಾಗದವೇ ಕರಾಚಿಯ ಹತ್ತಿರ ಇರುತ್ತದೆ.

"ನಾಳಿ ಹೇಳ್ತೀನಿ" ಎಂದೆ. ನಾಳೆಗೂ ಹೇಳಲಾರೆ ಎಂದು ಆಗಲೇ ಗೊತ್ತಿತ್ತು.

ಡಿಸೆಂಬರ್ ೯. ಶನಿವಾರ

ಮಧ್ಯಾಹ್ನ ಅಂಗಳದಲ್ಲಿ ಮೆಣಸಿನಕಾಯಿ ಒಣಹಾಕುತ್ತಿದ್ದೆ. ಹೊತ್ತಿಗೆ ಸರಿಯಾಗಿ ತಲೆ ಮೇಲೆತ್ತಿದೆ. ಏನೂ ಬರಲಿಲ್ಲ. ಹದ್ದು ಒಂದು ಸುತ್ತುತ್ತಿತ್ತು.

ಡಿಸೆಂಬರ್ ೧೦. ಭಾನುವಾರ

ಅಂದಪ್ಪ ಇನ್ನೂ ಇಲ್ಲಿಯೇ ಇದ್ದಾನೆ, ಉತ್ತರ ಇಲ್ಲದೆ ಹೋಗುವುದಿಲ್ಲವಂತೆ. ಇವತ್ತು ಊಟವಾದ ಮೇಲೆ ಕೂಡಿಸಿ ಹೇಳಿದೆ. "ಮಾತು ಅಂದ್ರ ಮಾತು. ಎರಡು ಬುತ್ತಿಯೊಳಗ ಒಂದೂ ಮುಟ್ಟಲಿಲ್ಲ."

ಶೇಖರಮ್ಮ ಒಳಗಿನಿಂದ ಬಂದಳು. ಕೈಯೆಲ್ಲ ಹಿಟ್ಟು. ಗಂಡಸರ ಮುಂದೆ ಎಂದೂ ಹಾಗೆ ಬಂದವಳಲ್ಲ.

"ಆಯಿ, ಈ ವರ್ಷ ಮೂವತ್ನಾಕು ಕಾಗದ ಹೋದವು. ಒಂದರಾಗರ ನನ್ನ ಒಂದು ಸಾಲು ಐತೇನ?"

"ಅರ್ಧ ತೊಲಿ..."

"ಗೊತ್ತೈತಿ ಅರ್ಧ ತೊಲಿ! ಕಾಳಿಗೆ ಜಾಗ ಇತ್ತು, ಚಟ್ನಿಗೆ ಜಾಗ ಇತ್ತು. ಕಾರಟಗಿಯಾಕಿ ಎಮ್ಮಿಗೂ ಜಾಗ ಇತ್ತು. ಲಗ್ನಾ ಆಗಾಕಿ ನಾನೋ, ನೀವು ಇಬ್ಬರು ಮುದಿಕ್ಯಾರೋ?"

ಅಂದಪ್ಪ ನಗು ತಡೆಯಲು ಹೋಗಿ ಕೆಮ್ಮಿದ. ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ವರ್ಷವೆಲ್ಲ ಮೈಲು ಕೇಳಿದೆ, ತಾಸು ಕೇಳಿದೆ, ಮಾರೆಪ್ಪನನ್ನು ಕೇಳಿದೆ, ಹೊಳೆಯನ್ನೂ ಕೇಳಿದೆ. ಇವಳನ್ನು ಕೇಳಿರಲಿಲ್ಲ.

"ನಿನಗ ಹೋಗಬೇಕೇನ?"

"ಹೂಂ."

"ದೂರ ಐತೆ."

"ಗೊತ್ತೈತಿ."

"ಏನರ ಆದ್ರ ನನಗ ಗೊತ್ತಾಗೂದಿಲ್ಲ ಅಲ್ಲೇ."

ಅವಳು ನನ್ನ ಪಕ್ಕದಲ್ಲಿ ಕೂತಳು. ಹಿಟ್ಟಿನ ಕೈ ನನ್ನ ಸೀರೆಗೆ ಹತ್ತಿತು. "ಕಳಕಮ್ಮತ್ತಿ ಹೋದದ್ದು ನಿನಗ ತಡವಾಗಿ ಗೊತ್ತಾತು. ಆದ್ರ ಆಕಿ ಅಲ್ಲಿ ಎರಡು ವರ್ಷ ಬಾಳ್ವಿ ಮಾಡ್ಯಾಳಲ್ಲ ಆಯಿ. ಏನು ಉಂಡಳು, ಯಾರ ಕೂಡ ನಕ್ಕಳು, ಅದು ಒಂದರ ಗೊತ್ತೈತೇನ ನಿನಗ? ಮುದಕಮ್ಮಾರದು ಎಲ್ಲಾ ಗೊತ್ತೈತಿ. ಹಲ್ಲು ನೋವು ಸೈತ."

ಹಂಪಣ್ಣ ಎದ್ದು ಅಂಗಳಕ್ಕೆ ಹೋದ. ನಾನೂ ಎದ್ದೆ. ಕಾಗದ, ಮಸಿಯ ದೌತಿ ತಂದು ಅವಳ ಮುಂದೆ ಇಟ್ಟೆ.

"ಬರಿ. ನಮ್ಮ ಆಯಿ ಹೂಂ ಅಂದಾಳಂತ ಬರಿ. ರೈಲಿನ ಟಪಾಲು, ತೂಕದ ಹಂಗಿಲ್ಲ. ಎಷ್ಟು ಬೇಕೋ ಅಷ್ಟು ಬರಕೋ."

ಮೂರು ಹಾಳೆ ಬರೆದಳು. ಓದಲಿಲ್ಲ ನಾನು. ಮಡಚುವಾಗ ಕಣ್ಣಿಗೆ ಬಿದ್ದಷ್ಟು ಬಿತ್ತು. ಮೂಗಿನ ವಿಷಯ ಏನೋ ಇತ್ತು.

ಮಾರ್ಚ್ ೧೧, ೧೯೩೪. ಭಾನುವಾರ. ಕರಾಚಿ

ಹಳೆಯ ಪುಸ್ತಕದ ಖಾಲಿ ಪುಟದಲ್ಲಿ ಬರೆಯುತ್ತಿದ್ದೇನೆ. ಹೊಸದು ಕೊಡುತ್ತೇನೆ ಎಂದು ಗವಿಸಿದ್ದಪ್ಪ ಅಂದ. ಖಾಲಿ ಪುಟ ಬಹಳ ಉಳಿದಿವೆ, ಬೇಡವೆಂದೆ.

ಮಾಘದಲ್ಲಿ ಲಗ್ನ. ಹೊಸ ಮದುಮಗಳ ಜೊತೆ ತವರಿನ ಹೆಂಗಸೊಬ್ಬಳು ಹೋಗಿ ಐದು ದಿನ ಇದ್ದು ಬರುವುದು ರೂಢಿ. ಬೇರೆ ಯಾರೂ ಇರಲಿಲ್ಲ ಎಂದು ನಾನೇ ಬಂದೆ. ಓಣಿಯ ತುಂಬ ಹೆಂಗಸರಿದ್ದರು ಎಂದು ಶೇಖರಮ್ಮ ಇಲ್ಲಿ ಎಲ್ಲರಿಗೂ ಹೇಳುತ್ತಿದ್ದಾಳೆ.

ರೈಲಿನಲ್ಲಿ ಐದು ದಿನ. ಮೂರನೆಯ ದಿನದ ತನಕ ಕಿಟಕಿಯಿಂದ ಜೋಳದ ಹೊಲ ಹುಡುಕುತ್ತಿದ್ದೆ. ಆಮೇಲೆ ಮರಳು, ಒಂಟೆ, ಉದ್ದ ಅಂಗಿಯ ಗಂಡಸರು. ಅವರನ್ನು ನೋಡುತ್ತ ಕೂತವಳಿಗೆ ಐದನೆಯ ದಿನ ಯಾವಾಗ ಬಂತೋ ತಿಳಿಯಲಿಲ್ಲ.

ಮುದಕಮ್ಮ ನಾನು ಎಣಿಸಿದ್ದಕ್ಕಿಂತ ಗಿಡ್ಡ. ನಿಲ್ದಾಣದಲ್ಲಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಕಾಗದದಾಗ ದಪ್ಪ ಇದ್ದಿ" ಎಂದಳು. ನಾನು "ನೀ ಕಾಗದದಾಗ ಛಲೋ ಇದ್ದಿ" ಎಂದೆ. ಅಲ್ಲಿಂದ ಸುರುವಾದದ್ದು ಇನ್ನೂ ನಿಂತಿಲ್ಲ. ಬೆಳಿಗ್ಗೆ ಉಪ್ಪಿಗೆ, ಮಧ್ಯಾಹ್ನ ಒಗ್ಗರಣೆಗೆ, ಸಂಜೆ ಸಮುದ್ರದ ಗಾಳಿಗೆ ಕೂತಾಗ ಯಲಬುರ್ಗಿಯ ಯಾರ ಮಗಳು ಯಾರ ಸೊಸೆ ಎಂಬುದಕ್ಕೆ ಜಗಳ. ಶೇಖರಮ್ಮ ಗಂಡನ ಜೊತೆ ವಿಮಾನದ ಬಯಲು ನೋಡಲು ಹೋಗುತ್ತಾಳೆ, ನಮ್ಮ ಗದ್ದಲಕ್ಕೆ.

ಬಂದು ಇಪ್ಪತ್ತೆರಡು ದಿನವಾಯಿತು.

ಇವತ್ತು ಹಂಪಣ್ಣನ ಕಾಗದ ಬಂತು. ಯಾವಾಗ ಬರುತ್ತೀ, ಕರೆದುಕೊಂಡು ಹೋಗಲು ನಾನು ಬರಲೇ ಎಂದು ಕೇಳಿದ್ದಾನೆ. ಓಣಿಯವರು ದಿನಾ ಕಟ್ಟೆಗೆ ಬಂದು, ಕರಾಚಿ ಎಂದರೆ ಎಷ್ಟು ದೂರ, ದಾರಿ ಸುಲಭವೇ ಎಂದು ವಿಚಾರಿಸುತ್ತಾರಂತೆ. ಪತ್ತಾರನ ಹೆಂಡತಿಗೂ, ರಾಜಾಬೀಗೂ ಒಮ್ಮೆ ಸಮುದ್ರ ನೋಡುವ ಮನಸ್ಸಾಗಿದೆಯಂತೆ.

ಉತ್ತರ ಬರೆದಿದ್ದೇನೆ. ಭಾಳ ದೂರ ಅಂತ ಹೇಳು, ಹಂಪಣ್ಣಾ. ಮುದುಕಿ ಅರ್ಧ ದಾರಿಗೇ ಸುಸ್ತಾಗಿದ್ದಳು ಅಂತ ಹೇಳು. ಇಲ್ಲವೆಂದರೆ ಎಲ್ಲರೂ ಬಂದು ಬಿಡುತ್ತಾರೆ. ಇಲ್ಲಿ ಹಾಸಿಗೆ ಎರಡೇ ಇವೆ, ಒಂದರ ಮೇಲೆ ನಾನಿದ್ದೇನೆ.